ನಗೆಸೇತು ಆಡಿದ ಮಾತು

ಬೆಳಗಿನ ತಿಂಡಿಯ ಮೇಜಿನಲ್ಲಿ ನಗೆಸೇತು ತನ್ನ ಕೆಲಸ ಮಾಡುತ್ತಿತ್ತು. ಫ್ರೆಂಚ್ ಭೂವಿಜ್ಞಾನಿಯೊಬ್ಬ ಬ್ರೆಡ್ಡನ್ನು ಬೆರಳಿನಿಂದ ಒತ್ತಿ ನೋಡಿ, "ಇದನ್ನೂ ಕಲ್ಲುಗಳ ಜೊತೆ ಪರೀಕ್ಷೆಗೆ ಕಳಿಸೋಣ" ಎಂದ. ಮುಖದಲ್ಲಿ ನಗೆಯ ಸುಳಿವೇ ಇಲ್ಲ. ಎದುರಿಗಿದ್ದ ಟೆಕ್ಸಾಸಿನ ಡ್ರೈವರನ ಕಿವಿಗೆ ಅದೇ ಮಾತು, "ಗೆಳೆಯಾ, ಈ ಬ್ರೆಡ್ಡಿನಿಂದ ಒಂದೇಟು ಕೊಟ್ಟರೆ ಚಂದ್ರನಿಗೆ ಇನ್ನೊಂದು ಕುಳಿ ಬೀಳುತ್ತೆ!" ಎಂದು ಕೇಳಿಸಿತು. ಡ್ರೈವರ್ ಮೇಜು ಬಡಿದು ನಕ್ಕ. ಫ್ರೆಂಚನ ತುಟಿಯ ಒಂದು ಕೊನೆ ತುಸು ಮೇಲೆದ್ದಿತು. ಅವನ ಮಟ್ಟಿಗೆ ಅದು ಜೋರು ನಗೆಯೇ.

ಚಂದ್ರನ ದಕ್ಷಿಣ ಧ್ರುವದ ಆ ನೆಲೆಯಲ್ಲಿ ಹೆಚ್ಚುಕಡಿಮೆ ಅರ್ಧ ಜನ ಅಮೆರಿಕದವರು, ಅರ್ಧ ಜನ ಯುರೋಪಿನವರು. ಭಾಷೆಯ ತೊಡಕನ್ನು ಅನುವಾದ ಯಂತ್ರಗಳು ಎಂದೋ ಕಳೆದಿದ್ದವು. ಉಳಿದದ್ದು ತಮಾಷೆಯ ತೊಡಕು. ಅಮೆರಿಕದವರು ಬೆಟ್ಟದಷ್ಟು ಹಿಗ್ಗಿಸಿ ಹೇಳುವವರು. ತಾವೇ ಮೊದಲು ನಕ್ಕು, ಈಗ ನೀವೂ ನಗಬಹುದು ಎಂದು ದಾರಿ ತೋರಿಸುವವರು. ಯುರೋಪಿನವರೆಲ್ಲ ಒಂದೇ ಅಚ್ಚಲ್ಲ, ನಿಜ. ಆದರೆ ಈ ನೆಲೆಗೆ ಬಂದವರಲ್ಲಿ ಬಹಳಷ್ಟು ಮಂದಿ ಕುಗ್ಗಿಸಿ ಹೇಳುವವರು, ಅದೂ ಸಪ್ಪೆ ಮುಖದಿಂದ. ಯುರೋಪಿನವರ ಕಣ್ಣಿಗೆ ಅಮೆರಿಕದವರು ಮಕ್ಕಳು, ಅಮೆರಿಕದವರ ಕಣ್ಣಿಗೆ ಯುರೋಪಿನವರು ಕಲ್ಲುಮನಸ್ಸಿನವರು. ಮೊದಲ ವರ್ಷ ಮೂರು ಸಲ ಕೈಕೈ ಮಿಲಾಯಿಸಿದ್ದರು.

ಆಗ ಅದೇ ನೆಲೆಯಲ್ಲಿದ್ದ ಗದಗದ ಡಾ. ವಾಸಂತಿ ಹುಯಿಲಗೋಳ ನಗೆಸೇತುವನ್ನು ಕಂಡುಹಿಡಿದರು. ಕಿವಿಯೊಳಗೆ ಕೂರುವ ಕಡಲೆಕಾಳಿನಷ್ಟು ಯಂತ್ರ. ಆಡುವವನ ದನಿ, ಉಸಿರು, ನಾಡಿ ನೋಡಿ, ಮಾತು ತಮಾಷೆಯದೋ ಅಲ್ಲವೋ ಎಂದು ತೀರ್ಮಾನಿಸುತ್ತದೆ. ತಮಾಷೆಯಾದರೆ, ಕೇಳುವವನ ನಾಡಿನ ಬಗೆಯಲ್ಲಿ ಹೊಸ ತಮಾಷೆಯೊಂದನ್ನು ಕಟ್ಟಿ ಕಿವಿಗೆ ಹಾಕುತ್ತದೆ. ಅದಕ್ಕಿದ್ದ ಅಳತೆಗೋಲು ಒಂದೇ. ಇಬ್ಬರೂ ನಕ್ಕರೆ ಪರಿವರ್ತನೆ ಸಫಲ. ವಾಸಂತಿಗೆ ಪ್ರಶಸ್ತಿಗಳು ಬಂದವು, ನೆಲೆಯಲ್ಲಿ ಜಗಳ ನಿಂತಿತು, ಒಂದು ಮದುವೆಯೂ ನಡೆಯಿತು. ಒಹಾಯೋದ ಡಾರ್ಲೀನ್, ಎಸ್ಟೋನಿಯದ ಇಂದ್ರೆಕ್.

ಆ ಇಂದ್ರೆಕ್ ಸತ್ತು ಹನ್ನೊಂದು ದಿನವಾಗಿತ್ತು. ರಕ್ತದ ಕಾಯಿಲೆ. ಡಾರ್ಲೀನ್ ವಾಸಂತಿಯ ಪ್ರಯೋಗಾಲಯಕ್ಕೆ ಬಂದು ಕುರ್ಚಿಯಲ್ಲಿ ಕೂತಳು. ಯಂತ್ರವನ್ನು ಕಿವಿಯಿಂದ ತೆಗೆದು ಅಂಗೈಯಲ್ಲಿ ಹಿಡಿದಿದ್ದಳು. ಅತ್ತ ಗುರುತು ಮುಖದಲ್ಲಿ ಇರಲಿಲ್ಲ. ಅಳು ಇನ್ನೂ ಬಂದೇ ಇರಲಿಲ್ಲ.

"ಕಾಯಿಲೆ ವಿಷಯ ನನಗೆ ಯಾಕೆ ಹೇಳಲಿಲ್ಲ ಅಂತ ಡಾಕ್ಟರನ್ನ ಕೇಳಿದೆ" ಎಂದಳು. "ಅವರು ಹೇಳಿದರು: ಅವನೇ ನಿನಗೆ ಹೇಳಿದನಲ್ಲ, ಹದಿನಾಲ್ಕು ತಿಂಗಳ ಹಿಂದೆ, ನಮ್ಮೆಲ್ಲರ ಎದುರಿಗೆ, ಇದೇ ತಿಂಡಿಯ ಮೇಜಿನಲ್ಲಿ. ನೀನು ನಕ್ಕೆ, ಅವನಿಗೆ ಕಾಫಿ ಬಗ್ಗಿಸಿದೆ. ನಿನ್ನ ಧೈರ್ಯ ನೋಡಿ ನಾವು ಯುರೋಪಿನವರೆಲ್ಲ ಬೆರಗಾದೆವು ಅಂತ." ಅಂಗೈಯ ಯಂತ್ರವನ್ನು ವಾಸಂತಿಯತ್ತ ಚಾಚಿ, "ಅವನು ಏನು ಹೇಳಿದ? ನನಗೆ ಬೇಕು" ಎಂದಳು.

ಸಂಶೋಧನೆಗಾಗಿ ಯಂತ್ರಗಳು ಎಲ್ಲ ಮಾತುಗಳನ್ನೂ, ಆಡಿದ್ದು ಮತ್ತು ಕೇಳಿಸಿದ್ದು ಎರಡನ್ನೂ, ಕಡತದಲ್ಲಿ ಬರೆದಿಡುತ್ತಿದ್ದವು. ಯಂತ್ರಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಶರಣು ಕವಲೂರ ಆ ದಿನದ ಕಡತ ತೆರೆದು ಓದಿದ. ಓದಿ ವಾಸಂತಿಯನ್ನು ಬಾಗಿಲಾಚೆ ಕರೆದ.

"ಕೇಳಸಬ್ಯಾಡ್ರಿ ಮೇಡಂ. ಸಿಕ್ಕಿಲ್ಲ ಅಂತ ಹೇಳಿಬಿಡ್ರಿ. ಆಕೀ ಪಾಡಿಗೆ ಆಕೀ ಇರ್ಲಿ."

"ಅವನ ಮಾತು ಆಕೀದಪಾ, ನಮ್ಮದಲ್ಲ."

"ಅದನ್ನ ಕೇಳಿ ಆಕೀಗೆ ಏನ್ ಸಿಗ್ತೈತ್ರಿ?"

"ಗೊತ್ತಿಲ್ಲ. ನಾ ಮಾಡಿದ ಯಂತ್ರ ಅದು, ಶರಣು. ಮುಚ್ಚಿಟ್ರ ಎರಡನೇ ಸಲ ಆಕೀಗೆ ನಾನೇ ಸುಳ್ಳು ಹೇಳಿದಂಗ ಆಗ್ತೈತಿ."

ವಾಸಂತಿ ಒಳಗೆ ಬಂದು ತಾವೇ ಓದಿ ಹೇಳಿದರು. ಆ ಬೆಳಿಗ್ಗೆ ಡಾರ್ಲೀನ್ ಭೂಮಿಯಿಂದ ತರಿಸುವ ಸಾಮಾನುಗಳ ಪಟ್ಟಿ ಮಾಡುತ್ತಿದ್ದಳು. ಇಂದ್ರೆಕ್ ಹೇಳಿದ್ದು: "ನನಗೆ ಹೊಸ ಬೂಟು ಬೇಡ. ಡಾಕ್ಟರು ಪರೀಕ್ಷೆ ಮಾಡಿ ನೋಡಿದರು, ಹಳೆಯದೇ ನನಗಿಂತ ಹೆಚ್ಚು ದಿನ ಬಾಳುತ್ತದಂತೆ."

ಡಾರ್ಲೀನ್ ಕಿವಿಗೆ ಬಿದ್ದದ್ದು ಬೇರೆ: "ಹೊಸ ಬೂಟು ಬೇಡವೇ ಬೇಡ! ಹಳೆಯದರ ವಾಸನೆಗೆ ಉಲ್ಕೆಗಳೇ ದಾರಿ ಬದಲಿಸುತ್ತಿವೆ, ಇಡೀ ನೆಲೆಯನ್ನು ಕಾಯುತ್ತಿರೋದೇ ಅದು!"

ಯಂತ್ರ ತಪ್ಪು ಮಾಡಿರಲಿಲ್ಲ. ಅದು ತಮಾಷೆಯೇ. ಅವನ ಊರಿನಲ್ಲಿ ಸಾವಿನ ಸುದ್ದಿಯನ್ನು ಹಾಗೆಯೇ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಹೇಳುತ್ತಾರೆ. ಆದರೆ ತಮಾಷೆಯ ಒಳಗೆ ಸುದ್ದಿಯೂ ಇರಬಹುದೆಂದು ವಾಸಂತಿ ಯೋಚಿಸಿರಲಿಲ್ಲ. ನಗಿಸಲು ಬೇಡವಾದದ್ದನ್ನು ಯಂತ್ರ ಉದುರಿಸಿಬಿಟ್ಟಿತ್ತು.

"ನೆನಪಿದೆ" ಎಂದಳು ಡಾರ್ಲೀನ್. "ಹಾಗಾದರೆ ನೀನು ನೂರು ವರ್ಷ ಅದನ್ನೇ ಹಾಕ್ಕೋ, ನನ್ನ ರಾಜ, ನಾನು ಮೂಗು ಮುಚ್ಚಿಕೊಂಡು ಪ್ರೀತಿಸ್ತೀನಿ ಅಂದೆ. ಅವನಿಗೆ ಏನು ಕೇಳಿಸಿತು?"

ವಾಸಂತಿ ಓದಿದರು: "ಸರಿ, ಹೋಗುವಾಗ ಬೂಟು ಇಲ್ಲೇ ಬಿಟ್ಟು ಹೋಗು. ನನಗೆ ದೊಡ್ಡದಾಗುತ್ತದೆ, ಮುಂದೆ ಕಾಲುಚೀಲ ತುರುಕಿಕೊಳ್ಳುತ್ತೇನೆ."

"ಅವನು ನಕ್ಕ" ಎಂದಳು ಡಾರ್ಲೀನ್. "ಅಷ್ಟು ಜೋರಾಗಿ ಅವನು ನಕ್ಕಿದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ. ಎದ್ದು ಬಂದು ನನ್ನ ಹಣೆಗೆ ಹಣೆ ಒತ್ತಿದ."

ಕಡತದ ಕೊನೆಗೆ ಯಂತ್ರ ಬರೆದುಕೊಂಡ ಸಾಲೊಂದಿತ್ತು: ಇಬ್ಬರೂ ನಕ್ಕರು, ಸಫಲ. ವಾಸಂತಿ ಅದನ್ನು ಓದಲಿಲ್ಲ. "ತಪ್ಪು ನನ್ನದು. ಈ ಯಂತ್ರವನ್ನು ಇವತ್ತೇ ನಿಲ್ಲಿಸಿಬಿಡ್ತೀನಿ" ಎಂದರು. ಅವರಿಗೆ ತುಂಬ ನಾಚಿಕೆಯಾಗಿತ್ತು.

"ಬೇಡ" ಎಂದಳು ಡಾರ್ಲೀನ್. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಅವನ ಮಾತು ನನಗೆ ಇದ್ದ ಹಾಗೇ ಕೇಳಿಸಿದ್ದರೆ ನಾನು ಕಿರುಚಾಡ್ತಿದ್ದೆ. ಭೂಮಿಯಲ್ಲಿರೋ ಡಾಕ್ಟರುಗಳನ್ನೆಲ್ಲ ಹಿಡೀತಿದ್ದೆ. ಹೋರಾಡು, ಗೆಲ್ತೀಯ ಅಂತ ಬೆಳಿಗ್ಗೆ ಸಂಜೆ ಹೇಳ್ತಿದ್ದೆ. ನಮ್ಮಲ್ಲಿ ಹಾಗೇ ಮಾಡೋದು. ಸಾಯೋ ಕೆಲಸದ ಜೊತೆ ನನ್ನನ್ನ ಸಮಾಧಾನ ಮಾಡೋ ಕೆಲಸವೂ ಅವನ ತಲೆಗೆ ಬರ್ತಿತ್ತು. ಈ ಹದಿನಾಲ್ಕು ತಿಂಗಳು ಅವನು ಆರಾಮಾಗಿದ್ದ. ಊರಿಗೆ ಕಾಗದ ಬರೆದಿದ್ದನಂತೆ, ನನ್ನನ್ನ ಅರ್ಥ ಮಾಡಿಕೊಳ್ಳೋ ಹೆಂಡತಿ ಸಿಕ್ಕಿದ್ದಾಳೆ ಅಂತ."

ಅವಳು ಎದ್ದು ಯಂತ್ರವನ್ನು ಮೇಜಿನ ಮೇಲಿಟ್ಟಳು.

"ಒಳ್ಳೇ ಹೆಂಗಸು ಅಂತ ಕಾಣುತ್ತೆ. ನನಗೂ ಅವಳ ಪರಿಚಯ ಆಗಬೇಕಿತ್ತು."

ಅವಳ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಇದಕ್ಕೆ ನಗಬೇಕೋ ಬೇಡವೋ ವಾಸಂತಿಗೆ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಶರಣು ತಲೆ ತಗ್ಗಿಸಿದ. ಯಂತ್ರದ ಸಹಾಯವಿಲ್ಲದೆ ಡಾರ್ಲೀನ್ ಇಂದ್ರೆಕ್‌ನ ಊರಿನ ಬಗೆಯ ಅಂಥ ಮಾತು ಆಡಿದ್ದು ಅದೇ ಮೊದಲು. ಅದಕ್ಕೆ ನಗಬೇಕಾದವನು ಇರಲಿಲ್ಲ.