ಟ್ರೈಪಾಡ್ ಮೇಲೆ ನಡುಗಿದ ಚಿತ್ರ

ಒಬ್ಬರ ತಪ್ಪನ್ನು ನಾಲ್ಕು ಜನರೆದುರು ಸಾರುವ ಮೊದಲು, ಅದು ನಿಜವಾಗಿಯೂ ಅವರದೇ ತಪ್ಪೇ ಎಂದು ನೀವು ಒಮ್ಮೆಯಾದರೂ ಪರೀಕ್ಷಿಸಿದ್ದೀರಾ?

ಶರ್ವರಿ ಪರೀಕ್ಷಿಸಲಿಲ್ಲ!

ಖಾನಾಪುರದ ಬಸಲಿಂಗಪ್ಪನವರ ಪಡಸಾಲೆಯಲ್ಲಿ ಅವರ ಮಗಳ ಮದುವೆಯ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುತ್ತಿದ್ದ ಅವಳ ಬೆರಳು ಥಟ್ಟನೆ ನಿಂತಿತು. ಮುಸ್ಸಂಜೆಯ ಬೆಳಕಿನಲ್ಲಿ ತೆಗೆದ ಮನೆಮಂದಿಯ ಗುಂಪುಚಿತ್ರ... ಎಲ್ಲ ಮುಖಗಳೂ ಕದಡಿಹೋಗಿದ್ದವು. ಮುಂದಿನದೂ ಹಾಗೆಯೇ. ಅದರ ಮುಂದಿನದೂ!

"ಏನ್ರೀ ಇದು?" ಬಸಲಿಂಗಪ್ಪ ಸಿಡುಕಿದರು. "ಇದರಾಗ ನನ್ನ ಹೇಣ್ತಿ ಯಾರು, ಬೀಗ್ತಿ ಯಾರು, ನನಗ ತಿಳೀವಲ್ದು!"

ನೆಂಟರು ಗೊಳ್ಳೆಂದು ನಕ್ಕರು. ಆ ಚಿತ್ರ ತೆಗೆದಿದ್ದ ಬಾಳೇಶ ಬಾಗಿಲ ಬಳಿಯಿಂದಲೇ ಪರದೆಯತ್ತ ಬಾಗಿ ನೋಡಿದ.

ಬೆಳಗಾವಿಯ ಸದಾಶಿವನಗರದಲ್ಲಿ ಶರ್ವರಿಯ ಸ್ಟುಡಿಯೊ. ಖಾನಾಪುರದ ಕುರಿಗಾರರ ಮನೆತನದ ಬಾಳೇಶ ಅಲ್ಲಿನ ಛಾಯಾಗ್ರಾಹಕ. ಬಾಯಿಬಿಟ್ಟು ಹೇಳಿಕೊಳ್ಳದಿದ್ದರೂ ಇಬ್ಬರೂ ಒಬ್ಬರಿಗೊಬ್ಬರು ಮನಸೋತವರು. ಬೈಕ್ ಅಪಘಾತದ ಬಳಿಕ ಅವನ ಬಲಗೈ ಸಣ್ಣಗೆ ನಡುಗುತ್ತಿತ್ತು. ಅದನ್ನು ಅವನು ಹೇಳಿಕೊಂಡದ್ದು ಅವಳೊಬ್ಬಳ ಬಳಿ. ಮಂದ ಬೆಳಕಿದ್ದರೆ ಕ್ಯಾಮೆರಾವನ್ನು ಮೂರು ಕಾಲಿನ ಟ್ರೈಪಾಡ್ ಮೇಲಿಟ್ಟೇ ಕೆಲಸ ಸಾಗಿಸುತ್ತಿದ್ದ.

ಗಾಬರಿಯಲ್ಲಿ ಅವಳ ನಾಲಿಗೆ ಜಾರಿತು.

"ಇವರ ಕೈ ನಡಗ್ತದರೀ... ಬಟನ್ ಒತ್ತೂ ಮುಂದ ಕ್ಯಾಮೆರಾ ಅಳ್ಳಾಡ್ಯದ."

ನೆಂಟರೆಲ್ಲ ಬಾಳೇಶನ ಕೈಯತ್ತ ತಿರುಗಿದರು!

"ಕೈ ನಡಗಾವನ್ನ ನಮ್ಮ ಲಗ್ನಕ್ಕ ಕರಕೊಂಡ ಬಂದಿದ್ರ್ಯಾ?" ಬಸಲಿಂಗಪ್ಪನವರ ದನಿ ಚುಚ್ಚಿತು.

ಬಾಳೇಶ ಕ್ಯಾಮೆರಾ ಚೀಲವನ್ನು ಅವಳ ಕಾಲ ಬಳಿ ಮೆಲ್ಲಗೆ ಇಳಿಸಿದ.

"ಖರೇ ಐತ್ರಿ. ನನ್ನ ಕೈನ ಹಂಗ ಐತಿ."

ಹೊರಟೇ ಹೋದ! ತಿರುಗಿಯೂ ನೋಡಲಿಲ್ಲ...

ನಂಬಿ ಹೇಳಿಕೊಂಡ ನೋವನ್ನು ತನ್ನ ಮಾನ ಉಳಿಸಿಕೊಳ್ಳಲು ಬೀದಿಗೆ ಎಳೆಯುವುದು ಎಂಥ ನ್ಯಾಯ? ಅದಕ್ಕೆ ಪ್ರಾಮಾಣಿಕತೆಯ ಹೆಸರು ಕೊಡುವುದಂತೂ ಇನ್ನೂ ನೀಚತನ.

ಅವನು ಅವಳ ಕರೆಗಳಿಗೆ ಉತ್ತರಿಸಲಿಲ್ಲ. 'ನಾನು ಹೇಳಿದ್ದು ಸುಳ್ಳಲ್ಲವಲ್ಲ...' ಎಂದು ತನಗೇ ಸಾಬೀತುಪಡಿಸಿಕೊಳ್ಳಲು ಅವಳು ಸ್ಟುಡಿಯೊದಲ್ಲಿ ಅದೇ ಕ್ಯಾಮೆರಾ, ಅದೇ ಹಳೆಯ ಲೆನ್ಸನ್ನು ಟ್ರೈಪಾಡಿಗೆ ಏರಿಸಿದಳು. ಮಂದ ದೀಪ ಹಚ್ಚಿ, ಟೈಮರ್ ಇಟ್ಟು, ಕೈಕಟ್ಟಿ ದೂರ ನಿಂತಳು.

ಕ್ಲಿಕ್!

ಗೋಡೆಯ ಕ್ಯಾಲೆಂಡರಿನ ಅಕ್ಷರಗಳು ಕದಡಿದ್ದವು!

'ಅಯ್ಯೋ... ಯಾರೂ ಮುಟ್ಟಿಲ್ಲವಲ್ಲ!'

ಲೆನ್ಸಿನ ಪಕ್ಕದ ಪುಟ್ಟ ಗುಂಡಿಯತ್ತ ಕಣ್ಣು ಹೊರಳಿತು. ಸ್ಟೆಬಿಲೈಸರ್! ಮದುವೆಯ ದಿನ 'ಟ್ರೈಪಾಡಿನ ಜೊತೆ ಇದೂ ಇರಲಿ, ಇನ್ನಷ್ಟು ಭದ್ರ' ಎಂದು ಅದನ್ನು ಆನ್ ಮಾಡಿದವಳು ತಾನೇ!

ಆಫ್ ಮಾಡಿ ಮತ್ತೆ ತೆಗೆದಳು. ಪ್ರತಿ ಅಕ್ಷರವೂ ಸ್ಪಷ್ಟ!

ಕೈಯಲ್ಲಿ ಹಿಡಿದಾಗ ನಡುಕವನ್ನು ತಗ್ಗಿಸುವ ಆ ಸಾಧನ, ಕ್ಯಾಮೆರಾ ಅಲುಗಾಡದೆ ನಿಂತಾಗ ಇಲ್ಲದ ನಡುಕವನ್ನು ಹುಡುಕುತ್ತ ಒಳಗಿನ ಗಾಜನ್ನು ತಾನೇ ಅಲುಗಿಸುತ್ತಿತ್ತು.

'ಇಲ್ಲದ ತಪ್ಪನ್ನು ಹುಡುಕಿದ್ದು ಲೆನ್ಸ್ ಮಾತ್ರವೇ? ನಾನೂ...' ಅವಳು ಎರಡೂ ಚಿತ್ರಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡಳು.

ಭಾನುವಾರ ಮಗಳು ಅಳಿಯ ಬಂದಿದ್ದರಿಂದ ಬಸಲಿಂಗಪ್ಪನವರ ಮನೆಯಲ್ಲಿ ನೆಂಟರು ಮತ್ತೆ ಸೇರಿದ್ದರು. ಶರ್ವರಿ ಎಲ್ಲರ ನಡುವೆ ಹೋಗಿ ನಿಂತು ಲೆನ್ಸಿನ ಆ ಗುಂಡಿಯನ್ನು ತೋರಿಸಿದಳು.

"ತಪ್ಪು ನಂದರೀ. ಟ್ರೈಪಾಡ್ ಮ್ಯಾಲೆ ಇದನ್ನ ಬಂದ್ ಇಡಬೇಕಿತ್ತು, ನಾ ಚಾಲೂ ಇಟ್ಟಿದ್ದೆ. ಬಾಳೇಶ ಅವರದು ಏನೂ ತಪ್ಪಿಲ್ಲ."

ಎರಡೂ ಚಿತ್ರ ತೋರಿಸಿದಳು. ಬಸಲಿಂಗಪ್ಪ ದಂಗಾದರು!

"ಅಯ್ಯ ಶಿವನ! ಆ ಹುಡುಗಗ ನಾನೂ ಸುಮ್ನ ಅಂದ್ನೆಲ್ಲವಾ..." ಎನ್ನುತ್ತ ತಾವೇ ಬಾಳೇಶನಿಗೆ ಫೋನ್ ಹಚ್ಚಿದರು. "ಬಾರಪಾ, ತಪ್ಪು ನಿನ್ನ ಕೈದಲ್ಲ. ಎಲ್ಲಾರೂ ಅದೀವಿ. ನೀನ ತಗೀಬೇಕು ಫೋಟೋ."

ಬಂದ ಬಾಳೇಶ ಕ್ಯಾಮೆರಾ ಮುಟ್ಟಲು ಹಿಂಜರಿದು ಶರ್ವರಿಯನ್ನು ಕೇಳಿದ. "ಖರೇನ ನನ್ನ ಕೈ ಅಲ್ಲೇನ್ರಿ? ನೀವು ಅಂದ ಮ್ಯಾಲೆ ನಾನೂ ಅದನ್ನ ನಂಬಿದ್ದೆ..."

ಆ ಮಾತಿಗೆ ಅವಳ ಎದೆ ಒಡೆಯಿತು. ಇವನು ಕ್ಯಾಮೆರಾವನ್ನೇ ಬಿಟ್ಟುಬಿಡಲಿದ್ದನೇ!

"ಅಲ್ಲ. ನಡಗಿದ್ದು ನನ್ನ ಬುದ್ಧಿ." ಕಣ್ಣೀರು ಉಕ್ಕಿತು. "ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದನ ಕ್ಷಮಾ ಕೇಳ್ತೀನಿ."

ಸ್ಟೆಬಿಲೈಸರ್ ಆಫ್ ಮಾಡಿ ಅವಳು ಟ್ರೈಪಾಡ್ ಮೇಲಿಟ್ಟ ಕ್ಯಾಮೆರಾದ ಗುಂಡಿಯನ್ನು ಅವನು ಒತ್ತಿದ. ಮುಖಗಳೆಲ್ಲ ತಿಳಿಯಾಗಿ ಮೂಡಿದವು!

ಬಳಿಕ ಅಂಗಳದಲ್ಲಿ ಮದುಮಕ್ಕಳ ಓಡಾಟ ತೆಗೆಯಲು ಅವನು ಕ್ಯಾಮೆರಾವನ್ನು ಒಂಟಿಕಾಲಿನ ಮೊನೊಪಾಡಿಗೆ ಸಿಕ್ಕಿಸಿದ. ಹೆದರಿದ್ದ ಅವಳು ಸ್ಟೆಬಿಲೈಸರ್ ಆಫ್ ಇದೆಯೇ ಎಂದು ಬಾಗಿ ನೋಡಿದಳು.

"ಇದಕ್ಕ ಚಾಲೂ ಇರಬೇಕ್ರಿ," ಅವನು ಮೊದಲ ಬಾರಿ ನಕ್ಕ. "ಒಂದ ಕಾಲಿಂದು ತೂಗಾಡತೈತಿ. ಒಬ್ಬನ ನಿಂತಾವಗ ಆಸರಾ ಬೇಕಾಗತೈತಿ."

"ಆ ಆಸರಾ ನಾ ಆಗ್ಲ್ಯಾ?"

ಅವನ ಕಣ್ಣುಗಳು ತುಂಬಿದವು. "ಮತ್ತ ಮಂದಿ ಮುಂದ ಕೈ ಬಿಡ್ತೀಯೇನು?" 'ರೀ' ಬಿಟ್ಟು ಅವನು ಮಾತಾಡಿದ್ದು ಅದೇ ಮೊದಲು.

ಅವಳು ಅಷ್ಟೂ ನೆಂಟರೆದುರು ಆ ನಡುಗುವ ಕೈಯನ್ನು ಹಿಡಿದಳು. "ಮಂದಿ ಮುಂದನ ಹಿಡದೀನಿ, ನೋಡು!"

ಓದುಗರೇ, ನೀವು ಹೀಗೆ ಕೆಡಿಸಿದ ಹೆಸರೊಂದು ಇದ್ದರೆ ಇಂದೇ ಎದ್ದು ಹೊರಡಿ. ಯಾರೆದುರು ಕೆಡಿಸಿದಿರೋ ಅವರೆದುರೇ ನಿಂತು, ತಪ್ಪು ನನ್ನದು ಎಂದು ಹೇಳಿ ಬನ್ನಿ.