ಕೊಸರು ರೊಟ್ಟಿ

“ಒಂದು ಹೆಚ್ಚಿಗಿ ಇದ್ರ ತಪ್ಪೇನ್ರಿ ಸಾಹೇಬ್ರ?” ಅವ್ವ ಫೋನಿನಲ್ಲಿ ಕೇಳುತ್ತಿದ್ದಳು.

ಶೈಲಾ ಆಗಷ್ಟೇ ಶಾಲೆಯಿಂದ ಬಂದಿದ್ದಳು. ಹೊಸ್ತಿಲ ಬಳಿ ಕೊರಿಯರ್ ಡಬ್ಬಿ ಕೂತಿತ್ತು. ಮಿಲಿಟರಿಯವರಿಗೆ ಕಳಿಸಿದ್ದ ಖಡಕ್ ರೊಟ್ಟಿಯ ಸ್ಯಾಂಪಲ್ ವಾಪಸ್ ಬಂದಿತ್ತು!

ಸ್ಪೀಕರಿನಲ್ಲಿ ಮಿಲಿಟರಿ ಆಫೀಸಿನವರ ದನಿ ಕೇಳಿತು. “ನೋಡಿ ಸಾವಿತ್ರೆವ್ವ, ಪ್ಯಾಕೆಟ್ ಮೇಲೆ ಹತ್ತು ಅಂತಿದೆ. ಒಳಗೆ ಹನ್ನೊಂದು. ಸ್ಯಾಂಪಲ್ ರಿಜೆಕ್ಟ್. ಮತ್ತೆ ಮೊದಲಿಂದ ಅಪ್ಲೈ ಮಾಡಿ.”

ಫೋನ್ ಕಟ್ಟಾಯಿತು.

ಮೊದಲಿಂದ ಅಂದರೆ ಹುಡುಗಾಟವೇ? ಲೈಸೆನ್ಸು, ಲ್ಯಾಬ್ ಟೆಸ್ಟು, ಒಂದು ಸಹಿಗೆ ಹುನಗುಂದ, ಇನ್ನೊಂದಕ್ಕೆ ಬಾಗಲಕೋಟೆ. ಇಳಕಲ್ಲಿನಿಂದ ಅಲೆದಲೆದು ಅವ್ವನ ಚಪ್ಪಲಿ ಸವೆದಿತ್ತು.

ಈ ಆರ್ಡರ್ ಸಿಕ್ಕಿದ್ದರೆ ಸುಂದರವ್ವ, ಪದ್ಮವ್ವ ಮತ್ತೆ ರೊಟ್ಟಿ ಬಡಿಯಲು ಬರುತ್ತಿದ್ದರು. ವ್ಯಾಪಾರ ಕಡಿಮೆಯಾಗಿ ಅವರು ಬೇರೆ ಕೆಲಸಕ್ಕೆ ಹೋಗಿದ್ದರು. ಮೊದಲೆಲ್ಲ ಶೈಲಾ ಅವರ ಪಟಪಟ ಸದ್ದಿನ ನಡುವೆಯೇ ಹೋಮ್‌ವರ್ಕ್ ಮಾಡುತ್ತಿದ್ದಳು. ಈಗ ಮನೆ ಬಿಕೋ ಎನ್ನುತ್ತಿತ್ತು.

“ಅವ್ವಾ... ಹನ್ನೊಂದನೇದು ನಾ ಹಾಕಿದ್ದೆ.”

ಅವ್ವ ಗಕ್ಕನೆ ತಿರುಗಿದಳು. “ಯಾಕ ಹಾಕಿದಿ?”

“ಮನಿಗೆ ಬಂದವ್ರಿಗೆಲ್ಲ ನೀ ಹತ್ತು ಎಣಿಸಿ, ಮ್ಯಾಲೊಂದು ಪುಕ್ಕಟೆ ಕೊಸರು ಇಡ್ತೀಯಲ್ಲ? ಸೋಲ್ಜರ್ಸ್ ಪಾಪ, ಹಿಮದಾಗ ಇರ್ತಾರ. ಅವ್ರಿಗೆ ಕೊಸರು ಇಲ್ದ ಹೆಂಗ ಕಳಸೂದು ಅಂತ...”

ಬೈಯಲು ಬಾಯಿ ತೆರೆದ ಅವ್ವ ಡಬ್ಬಿಯನ್ನು ಒಳಗೆ ಎತ್ತಿಟ್ಟಳು. “ಹೋಗ್ಲಿ ಬಿಡು. ನಾಳೆ ಮತ್ತ ಬಾಗಲಕೋಟಿಗೆ ಹೋಗಿ ಬರ್ತೇನಿ.”

ಮರುದಿನ ಸಂಜೆ ಬಾಗಿಲಿಗೆ ಬೀಗ. ಶೈಲಾ ಪಕ್ಕದ ಮನೆಯ ಅಲೀಮಾ ಹತ್ತಿರ ಕೀಲಿ ಇಸಿದುಕೊಂಡು ಒಳಗೆ ಬಂದಳು. ಸುಂದರವ್ವನ ಜಾಗದಲ್ಲಿ ಕೂತು ರೊಟ್ಟಿ ಬಡಿಯುವ ಬರಿಯ ಕಲ್ಲಿನ ಮೇಲೆ ಅಂಗೈ ಬಡಿದಳು. ಪಟ್. ಪಟ್. ಒಬ್ಬಳದೇ ಸದ್ದು. ಅಳು ಬಂತು. ಬಡಿಯುವುದನ್ನು ನಿಲ್ಲಿಸಿದಳು.

ಕೊಸರು ಇಡುವಾಗ ಅವ್ವ ಎದುರಿಗಿದ್ದವರ ಮುಖ ನೋಡಿ ನಗುತ್ತಿದ್ದಳು. ಅವರೂ ನಗುತ್ತಿದ್ದರು. ಆ ಆಫೀಸಿನವರ ಮುಖವನ್ನು ಯಾರು ಕಂಡಿದ್ದಾರೆ?

ಅವ್ವ ಬಂದಾಗ ಕತ್ತಲಾಗಿತ್ತು. “ಇನ್ನೂ ಒಂದು ಪೇಪರ್ ಬೇಕಂತ,” ಎಂದು ಗೋಡೆಗೆ ಒರಗಿ ಕೂತಳು.

ಶೈಲಾ ವಾಪಸ್ ಬಂದಿದ್ದ ಒಂದು ಪ್ಯಾಕೆಟ್ ಹರಿದಳು. ತಾಟಿನಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ ಹಾಕಿ ಅವ್ವನ ಮುಂದಿಟ್ಟಳು.

“ಇನ್ನ ಮ್ಯಾಲೆ ಪ್ಯಾಕೆಟ್‌ನಾಗ ಹತ್ತೇ ಹಾಕ್ತೇನಿ ಅವ್ವಾ.”

“ಹೂಂ.”

ಆಮೇಲೆ ಅವಳು ಇನ್ನೊಂದು ರೊಟ್ಟಿ ತೆಗೆದು, ಅವ್ವನ ಮುಖ ನೋಡುತ್ತ, ತಾಟಿನ ಮೇಲಿಟ್ಟಳು. “ಇದು ನಿನಗ. ಕೊಸರು.”

ಅವ್ವ ಬೇಡ ಅನ್ನಲಿಲ್ಲ. ಅದನ್ನು ಮುರಿದು ಅರ್ಧವನ್ನು ಶೈಲಾಳ ಕೈಗಿಟ್ಟಳು. ಇಬ್ಬರೂ ಕಟುಂ ಕುಟುಂ ಎಂದು ಅಗಿದರು. ಮನೆಯಲ್ಲಿ ಅಷ್ಟಾದರೂ ಸದ್ದಾಯಿತು.