ಕೊನೆಯ ನೂಲೂ ಮಲಗಿತು

ಉಣ್ಣೆಯ ನೂಲನ್ನು ಗೇಣುದ್ದ ಕತ್ತರಿಸಿ, ಒಂದೊಂದನ್ನೇ ಪಿಕಪ್ ಗಾಡಿಯ ಮೈಗೆ ಅಂಟಿಸುತ್ತಿದ್ದೆ. ಬಾನೆಟ್ಟು, ಕ್ಯಾಬಿನ್ನಿನ ನೆತ್ತಿ, ಹಿಂದಿನ ಬಾಗಿಲು. ಡ್ರೈವರ್ ಟೇಪು ಹರಿದು ಕೊಡುತ್ತಿದ್ದ. ನಾನು ಅವನನ್ನು ನೇರ ನೋಡುತ್ತಿರಲಿಲ್ಲ. ಪಕ್ಕದ ಕನ್ನಡಿ ಇತ್ತಲ್ಲ.

ಕೊನೆಗೆ ಅವನೇ ಕೇಳಿದ, "ನನ್ನ ಗಾಡಿಗೆ ಜಡೆ ಹಾಕ್ತಿದೀರಾ?"

ನಗು ಬಂತು. ಅದೇ ಕನ್ನಡಿಯಲ್ಲಿ ಅವನೂ ನನ್ನನ್ನು ನೋಡುತ್ತಿದ್ದಾನೆಂದು ಆಗ ಗೊತ್ತಾಯಿತು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಗಾಡಿಗಳಿಗೆ ಬಾಡಿ ಕಟ್ಟುವ ಚಿಕ್ಕಪ್ಪನ ಶೆಡ್ಡಿನಲ್ಲಿ ತಗಡಿನ ಜೊತೆ ಬೆಳೆದವಳು ನಾನು. ಓಡುವ ಗಾಡಿಯ ಮೇಲೆ ನೂಲು ಮಲಗಿದರೆ ಗಾಳಿ ಸಲೀಸಾಗಿ ಜಾರುತ್ತಿದೆ ಎಂದರ್ಥ. ಕುಣಿದರೆ, ಅಲ್ಲಿ ಎಡವುತ್ತಿದೆ, ಡೀಸೆಲ್ ಹೆಚ್ಚು ಸುಡುತ್ತಿದೆ. ಚಿಕ್ಕಪ್ಪ ಪಕ್ಕದಲ್ಲೇ ಬೈಕ್ ಓಡಿಸುವರು, ನಾನು ಹಿಂದೆ ಕೂತು ನೂಲು ನೋಡುವೆ.

ಅವನು ವಾರಕ್ಕೊಮ್ಮೆ ಎದುರಿನ ಬಂಕಿಗೆ ಡೀಸೆಲ್ ಹಾಕಿಸಲು ಬರುತ್ತಿದ್ದ. ಮೈಲೇಜ್ ಸಾಲದು ಎಂದು ಶೆಡ್ಡಿಗೂ ಬಂದ. ಎಂಟು ವಾರ ಕೆಲಸ ಎಳೆದೆ. ಒಂದು ವಾರ ಮುಂದಿನ ಬಂಪರಿನಡಿ ತಗಡು, ಒಂದು ವಾರ ಹಿಂದಿನ ತೊಟ್ಟಿಗೆ ಮುಚ್ಚಳ, ಇನ್ನೊಂದು ವಾರ ಆ ಮುಚ್ಚಳವನ್ನು ಎರಡು ಬೆರಳು ತಗ್ಗಿಸುವುದು. ಇದು ಗಾಡಿಯೋ ಮದುಮಗಳೋ, ಶೃಂಗಾರ ಮುಗಿಯುವುದೇ ಇಲ್ಲವಲ್ಲ ಎಂದು ಚಿಕ್ಕಪ್ಪ ಗೊಣಗಿದರು.

ಕ್ಯಾಬಿನ್ನಿನ ಹಿಂದೆ ಒಂದು ಕೆಂಪು ನೂಲು ಮಾತ್ರ ಕುಣಿಯುತ್ತಲೇ ಇತ್ತು. ಹಾಗೇ ಬಿಡಬಹುದಿತ್ತು. ಕೈ ಸುಮ್ಮನಿರಲಿಲ್ಲ. ಒಂಬತ್ತನೆಯ ವಾರ ಅದೂ ಮಲಗಿತು.

ಮರುವಾರ ಅವನು ಬಂಕಿಗೆ ತಿರುಗದೆ ನೇರ ಶೆಡ್ಡಿಗೆ ಬಂದ. ಮುಖ ಅರಳಿತ್ತು.

"ನಿಮ್ಮ ಕೈಗುಣ ಕಣ್ರೀ. ಒಂದೇ ಟ್ಯಾಂಕ್ ಡೀಸೆಲ್ಲಿಗೆ ಟ್ರಿಪ್ಪಿನ ಕೊನೇವರೆಗೂ ಹೋಗುತ್ತೆ. ಇನ್ಮೇಲೆ ಇಲ್ಲಿ ನಿಲ್ಲೋದೇ ಬೇಕಿಲ್ಲ."

ಹೊಗಳಿಕೆ ಎಂದೇ ಹೇಳಿದ. ನನಗೆ ಅಷ್ಟು ದೂರ ಯೋಚನೆಯೇ ಹೋಗಿರಲಿಲ್ಲ. ಒಳ್ಳೇದಾಯ್ತು ಎಂದೆ. ಅವನು ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸುತ್ತ ಸ್ವಲ್ಪ ಹೊತ್ತು ನಿಂತ. ನಾನು ಕತ್ತರಿ ಹುಡುಕುವವಳಂತೆ ಬಗ್ಗಿದೆ. ಏಳುವಷ್ಟರಲ್ಲಿ ಗಾಡಿ ಹೊರಟಿತ್ತು.

ಈಗ ಪ್ರತಿ ಗುರುವಾರ ಹತ್ತೂವರೆಗೆ ಅದು ಹೆದ್ದಾರಿಯಲ್ಲಿ ಹಾದುಹೋಗುತ್ತದೆ. ಮೊದಲೆಲ್ಲ ಗಾಳಿ ಸೀಳುವ ಸದ್ದು ದೂರದಿಂದಲೇ ಕೇಳಿ, ಓಡಿ ಬರುವಷ್ಟು ಹೊತ್ತು ಸಿಗುತ್ತಿತ್ತು. ಆ ಸದ್ದನ್ನೂ ನಾನೇ ತೆಗೆದೆ. ಅದಕ್ಕೇ ಹತ್ತಕ್ಕೆಲ್ಲ ರಸ್ತೆಬದಿ ಬಂದು ನಿಲ್ಲುತ್ತೇನೆ. ಗಾಡಿ ದಾಟಿದ ಮೇಲೆಯೇ ನನಗೆ ಬಾಯಿ ಬರುವುದು.

"ಒಂದ್ಸಲ ನಿಲ್ಸಿ."